ಗ್ರೂವರ್ ಬದಲಿಸುವ ಮುನ್ನ ಕೈಯಲ್ಲಿರುವ ಚರ್ಮ ಯಾವುದೆಂದು ನೋಡಿ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಕೂತು ಪರ್ಸು, ಬೆಲ್ಟು ಹೊಲಿಯುತ್ತೇನೆ. ಕೆಲಸ ಕಲಿತು ಒಂದೂವರೆ ವರ್ಷವಾಯಿತು. ಪರ್ಸಿಗೆ 1.2 ಮಿ.ಮೀ. ದಪ್ಪದ ಮೆತ್ತನೆಯ ಕ್ರೋಮ್ (ಕ್ರೋಮಿಯಂ ಲವಣದಲ್ಲಿ ಹದ ಮಾಡಿದ) ಚರ್ಮ, ಬೆಲ್ಟಿಗೆ 3.5 ಮಿ.ಮೀ. ವೆಜ್ ಟ್ಯಾನ್ (ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮ) ಬಳಸುತ್ತೇನೆ. ದಾರ 0.8 ಮಿ.ಮೀ. ಮೇಣದ ಪಾಲಿಯೆಸ್ಟರ್. ಹೊಲಿಯುವ ಮೊದಲು ಅಂಚಿನುದ್ದಕ್ಕೂ ಕಾಲುವೆ ತೋಡಲೇಬೇಕು, ಇಲ್ಲದಿದ್ದರೆ ದಾರ ಆರು ತಿಂಗಳಲ್ಲಿ ಸವೆದುಹೋಗುತ್ತದೆ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಅದಕ್ಕೇ ಆನ್‌ಲೈನಿನಲ್ಲಿ 450 ರೂಪಾಯಿಗೆ ಏಳು ಮೊನೆಗಳ ಗ್ರೂವರ್ ಸೆಟ್ ತರಿಸಿದೆ. ಪರ್ಸಿನ ಚರ್ಮದ ಮೇಲೆ ಅದು ಕೊಯ್ಯುವುದಿಲ್ಲ, ಕಿತ್ತು ಎಳೆಯುತ್ತದೆ, ಗೆರೆಯೆಲ್ಲ ಜುಂಗುಜುಂಗು. ಬೆಲ್ಟಿನಲ್ಲಿ ಕೊಯ್ಯುತ್ತದೆ, ಆದರೆ ಗೆರೆ ಹಾವಿನಂತೆ ಡೊಂಕು, ಅಂಚಿಗೆ ಆತು ಸಾಗುವ ಗೈಡ್ ಅರ್ಧದಲ್ಲೇ ಜಾರುತ್ತದೆ. ನಾನು ಎಡಗೈಯವನು, ಅದೂ ಕಾರಣವಿರಬಹುದೆ? 4,500 ರೂಪಾಯಿಯ ಒಂದು ಗ್ರೂವರ್ ನೋಡಿಟ್ಟಿದ್ದೇನೆ. ಕೊಳ್ಳಲೇ? ಈಗಾಗಲೇ ಹಾಳಾದ ಆರು ಪರ್ಸುಗಳ ತುಂಡುಗಳಿಗೆ ದಾರಿ ಉಂಟೆ?

ಉತ್ತರ: ನೀವು ಒಂದು ಉಪಕರಣದ ಬಗ್ಗೆ ಕೇಳಿದ್ದೀರಿ. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಪರ್ಸಿನ ತೊಂದರೆ ಯಾವ ಗ್ರೂವರ್ ತಂದರೂ ಹೋಗುವುದಿಲ್ಲ, ಏಕೆಂದರೆ ಆ ಚರ್ಮಕ್ಕೆ ಗ್ರೂವರ್ ಬೇಕಾಗಿಯೇ ಇಲ್ಲ. ಬೆಲ್ಟಿನ ತೊಂದರೆಯಲ್ಲಿ ಅರ್ಧ ಉಪಕರಣದ್ದು, ಅರ್ಧ ಮೇಜಿನ ಮೇಲೆ ಚರ್ಮ ಇಡುವ ರೀತಿಯದ್ದು. 4,500 ರೂಪಾಯಿ ಇನ್ನೊಂದು ತಿಂಗಳು ಜೇಬಿನಲ್ಲೇ ಇರಲಿ.

ಮೊದಲು ಆ ಆರು ತಿಂಗಳ ಮಾತು. ಕಾಲುವೆ ಇಲ್ಲದ ಹೊಲಿಗೆ ಬೇಗ ಸವೆಯುತ್ತದೆ ಎಂಬುದು ಪೂರ್ತಿ ಸುಳ್ಳಲ್ಲ, ಆದರೆ ಎಲ್ಲ ಕಡೆಗೂ ಸಲ್ಲುವ ಮಾತಲ್ಲ. ದಾರ ಮೇಲ್ಮೈಗಿಂತ ಕೆಳಗೆ ಕೂತರೆ ಉಜ್ಜಾಟ ಚರ್ಮದ ಮೇಲೆ ಬೀಳುತ್ತದೆ, ದಾರದ ಮೇಲಲ್ಲ. ನೆಲಕ್ಕೆ ತಿಕ್ಕುವ ಚಪ್ಪಲಿ ಅಟ್ಟೆ, ಪ್ಯಾಂಟಿನ ಲೂಪಿನಲ್ಲಿ ದಿನವೂ ಎಳೆದಾಡುವ ಬೆಲ್ಟಿನ ಹಿಂಬದಿ, ಮಚ್ಚು ಕತ್ತಿಗಳ ಒರೆ, ಇಂಥ ಕಡೆ ಕಾಲುವೆ ನಿಜವಾಗಿಯೂ ದಾರದ ಆಯುಸ್ಸು ಹೆಚ್ಚಿಸುತ್ತದೆ. ಹಿಂದೆ ಹೊಲಿಗೆಗೆ ಬಳಸುತ್ತಿದ್ದುದು ನಾರಿನ, ಹತ್ತಿಯ ದಾರ. ಉಜ್ಜಾಟಕ್ಕೂ ತೇವಕ್ಕೂ ಅವು ಬೇಗ ಸೋಲುತ್ತಿದ್ದವು. ಇವತ್ತು ನಿಮ್ಮ ಕೈಯಲ್ಲಿರುವ ಪಾಲಿಯೆಸ್ಟರ್ ದಾರ ಅವಕ್ಕಿಂತ ಬಹಳ ಗಟ್ಟಿ. ಜೇಬಿನಲ್ಲಿ ಕೂರುವ ಪರ್ಸಿನಲ್ಲಿ ಬಹಳ ಸಲ ಮೊದಲು ಸವೆಯುವುದು ಮಡಿಕೆ ಮತ್ತು ಮೂಲೆಯ ಚರ್ಮ, ಹೊಲಿಗೆಯಲ್ಲ.

ಇನ್ನೊಂದು ಸಂಗತಿಯನ್ನೂ ಯೋಚಿಸಿ. ಇಂಗ್ಲೆಂಡಿನ ವಾಲ್ಸಾಲ್ ಕುದುರೆ ಜೀನುಗಳಿಗೆ ಹೆಸರಾದ ಊರು. ಅಲ್ಲಿಯ ಫುಟ್ಬಾಲ್ ತಂಡವನ್ನೇ ‘ಜೀನುಗಾರರು’ ಎಂದು ಕರೆಯುತ್ತಾರೆ. ಇಂಗ್ಲೆಂಡಿನ ಆ ಪರಂಪರೆಯಲ್ಲೂ ಫ್ರಾನ್ಸಿನ ನಾಜೂಕು ಚರ್ಮದ ಕೆಲಸದಲ್ಲೂ ಮೇಲ್ಮೈಯ ಹೊಲಿಗೆಗೆ ಸಾಮಾನ್ಯವಾಗಿ ಕೊಯ್ದ ಕಾಲುವೆ ಇರುವುದಿಲ್ಲ. ಬಿಸಿ ಮಾಡಿದ ಕ್ರೀಸರ್ ಎಂಬ ಮೊಂಡು ಅಲಗಿನ ಉಪಕರಣದಿಂದ ಒತ್ತಿದ ಗೆರೆ ಇರುತ್ತದೆ. ಓರೆ ಹಲ್ಲಿನ ಉಳಿಯಿಂದ ತೂತು ಹಾಕಿ ಎರಡು ಸೂಜಿಯಲ್ಲಿ ಹೊಲಿದಾಗ ಹೊಲಿಗೆ ಓರೆಯಾಗಿ, ಅಕ್ಕಿಕಾಳು ಸಾಲಾಗಿಟ್ಟಂತೆ ಕಾಣುತ್ತದಲ್ಲ, ಆ ಓರೆ ಕಾಲುವೆಯೊಳಗೆ ಸತ್ತುಹೋಗುತ್ತದೆ. ಕಾಲುವೆಯ ಎರಡು ದಡ ದಾರವನ್ನು ನೆಟ್ಟಗೆ ಹಿಡಿದು ಮಲಗಿಸಿಬಿಡುತ್ತವೆ. ಅಂದದ ಹೊಲಿಗೆ ಬೇಕೆಂದು ಓರೆ ಹಲ್ಲಿನ ಉಳಿ ಕೊಂಡು, ಆಮೇಲೆ ಗ್ರೂವರ್ ಎಳೆಯುವವರು ಒಂದು ಕೈಯಲ್ಲಿ ಗಳಿಸಿದ್ದನ್ನು ಇನ್ನೊಂದು ಕೈಯಲ್ಲಿ ಕಳೆಯುತ್ತಾರೆ.

ಈಗ ನಿಮ್ಮ ಪರ್ಸಿನ ಚರ್ಮ ಏಕೆ ಕಿತ್ತುಬರುತ್ತದೆ ಎಂಬ ಪ್ರಶ್ನೆ. ಚರ್ಮದ ಮೇಲಿನ ಪದರದಲ್ಲಿ ಎಳೆಗಳು ತೀರ ಸಣ್ಣ, ಒತ್ತೊತ್ತು. ಉಜ್ಜಾಟ ತಡೆಯುವುದು, ಬಣ್ಣ ಮತ್ತು ಹೊಳಪನ್ನು ಹೊರುವುದು ಅದೇ. ಅದರ ಕೆಳಗೆ ದಪ್ಪ ಎಳೆಗಳ ಹೆಣಿಗೆ; ಹರಿಯದಂತೆ ಹಿಡಿಯುವ ಬಲ ಬಹುಪಾಲು ಅಲ್ಲಿಯದು. ದನದ ಚರ್ಮವನ್ನು 1.2 ಮಿ.ಮೀ.ಗೆ ಸೀಳಿ ಹೆರೆದಾಗ ಕೆಳಗಿನ ಹೆಣಿಗೆಯ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ಇನ್ನು ಲೆಕ್ಕ ಹಾಕಿ. 0.8 ಮಿ.ಮೀ. ದಾರ ಅರ್ಧ ಮುಳುಗಬೇಕೆಂದರೆ ಕಾಲುವೆ 0.4 ಮಿ.ಮೀ. ಆಳ ಬೇಕು. 1.2ರಲ್ಲಿ 0.4 ಎಂದರೆ ಮೂರನೇ ಒಂದು ಭಾಗ. ಅದೂ ಎಲ್ಲಿ? ಸರಿಯಾಗಿ ತೂತು ಬೀಳುವ ಸಾಲಿನಲ್ಲಿ, ದಾರ ಬಿಗಿದು ಎಳೆಯುವ ಜಾಗದಲ್ಲಿ. ಅಂಚೆಚೀಟಿಯ ತೂತುಸಾಲಿನ ಮೇಲೆ ಬ್ಲೇಡು ಎಳೆದ ಹಾಗೆ. ಆಡಿನ ಚರ್ಮವಾದರೆ ಇನ್ನೂ ಹುಷಾರಾಗಿರಬೇಕು, ಅದರಲ್ಲಿ ಮೇಲಿನ ಪದರದ ಪಾಲು ದನದ ಚರ್ಮಕ್ಕಿಂತ ಹೆಚ್ಚು. ಅದೇ 0.4 ಮಿ.ಮೀ. ನಿಮ್ಮ 3.5 ಮಿ.ಮೀ. ಬೆಲ್ಟಿನಲ್ಲಿ ಸುಮಾರು ಒಂಬತ್ತನೇ ಒಂದು ಭಾಗ. ಅಲ್ಲಿ ಅದು ಲೆಕ್ಕಕ್ಕಿಲ್ಲ.

ಮೆತ್ತನೆಯ ಕ್ರೋಮ್ ಚರ್ಮದ ಗುಣವೂ ಇಲ್ಲಿ ಅಡ್ಡ ಬರುತ್ತದೆ. ಕೊಯ್ಯಲು ಚರ್ಮ ಅಲಗಿಗೆ ಎದುರು ನಿಲ್ಲಬೇಕು. ತೊಗಟೆ ಹದದ ಚರ್ಮ, ಅಂಗಡಿಯವರು ವೆಜ್ ಟ್ಯಾನ್ ಎನ್ನುವುದು, ನಿಲ್ಲುತ್ತದೆ. ಮೆತ್ತನೆಯ ಕ್ರೋಮ್ ಹಿಗ್ಗುತ್ತದೆ. ಅಲಗಿನ ಮುಂದೆ ಸುಕ್ಕಾಗಿ ಗುಡ್ಡೆ ಕಟ್ಟಿ, ಹಿಗ್ಗು ಮುಗಿದಲ್ಲಿ ಕಿತ್ತುಬರುತ್ತದೆ. ಹೊಟ್ಟೆಯ ಭಾಗದ ತುಂಡಾದರೆ ಬೆನ್ನಿನ ತುಂಡಿಗಿಂತ ಹೆಚ್ಚು. ಮೇಲಿನ ಬಣ್ಣದ ಲೇಪ ಒಮ್ಮೆ ಒಡೆದರೆ, ಬಣ್ಣ ಒಳತನಕ ಇಳಿಯದ ಚರ್ಮದಲ್ಲಿ ನೀಲಿಬೂದು ಒಳಮೈ ಕಾಣುತ್ತದೆ. ಅದನ್ನು ಮುಚ್ಚಲು ಬಣ್ಣ ಸವರಿದರೆ ಗೆರೆ ಇನ್ನಷ್ಟು ಎದ್ದು ಕಾಣುತ್ತದೆ. ಸಮಾಧಾನದ ಸಂಗತಿ ಏನೆಂದರೆ, ಮೆತ್ತನೆಯ ಚರ್ಮದಲ್ಲಿ ದಾರ ಬಿಗಿದಾಗ ತಾನಾಗಿಯೇ ಒಳಗೆ ಇಳಿಯುತ್ತದೆ. ಹೊಲಿದಾದ ಮೇಲೆ ನುಣುಪು ಮೋರೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬೇಕಾದಷ್ಟು ಕೂರುತ್ತದೆ. ತಟ್ಟುವಾಗ ಮೇಲೊಂದು ತೆಳು ಚರ್ಮದ ತುಣುಕು ಇಡಿ, ಇಲ್ಲದಿದ್ದರೆ ಮೇಲ್ಮೈಯಲ್ಲಿ ಸುತ್ತಿಗೆಯ ಹೊಳಪುಗುರುತು ಉಳಿಯುತ್ತದೆ.

ಹಾಗಾದರೆ ಪರ್ಸಿನಲ್ಲಿ ನೇರ ಗೆರೆ ಹಾಕುವುದು ಹೇಗೆ? ಒಂದು ಕೈವಾರ ಸಾಕು. ಶಾಲೆಯ ಜ್ಯಾಮಿತಿ ಪೆಟ್ಟಿಗೆಯದಲ್ಲ. ಲೋಹಗೆಲಸದವರು ಬಳಸುವ, ಎರಡೂ ಕಾಲು ಉಕ್ಕಿನ, ತಿರುಪಿನಿಂದ ಅಗಲ ನಿಲ್ಲಿಸುವ ಕೈವಾರ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಎರಡೂ ಮೊನೆಗಳನ್ನು ಅರದಿಂದ ಉಜ್ಜಿ ಚೂಪು ತೆಗೆದು, 1000 ನಂಬರಿನ ಉಜ್ಜುಕಾಗದದಲ್ಲಿ ನುಣುಪು ಮಾಡಿ. ಒಂದು ಕಾಲು ಚರ್ಮದ ಅಂಚಿಗೆ ಆತು ಹೊರಗೆ ಜಾರಬೇಕು, ಇನ್ನೊಂದು ಮೇಲೆ ಒತ್ತಿ ಗೆರೆ ಬಿಡಬೇಕು. ಗೀಚಬಾರದು, ಒತ್ತಬೇಕು, ಅದಕ್ಕೇ ಚೂಪು ತೆಗೆಯುವುದು. ಪರ್ಸಿಗೆ ಅಂಚಿನಿಂದ 3 ಮಿ.ಮೀ. ಇಡಿ. ಆ ಗೆರೆಯ ಮೇಲೆ ಉಳಿಯ ಹಲ್ಲು ಕೂರಿಸಿದರೆ ಮುಗಿಯಿತು.

ಗೆರೆ ಉಳಿದು ಅಲಂಕಾರವಾಗಿಯೂ ಕಾಣಬೇಕೆಂದರೆ ತಿರುಪಿನ ಕ್ರೀಸರ್ ಕೊಳ್ಳಿ. ಎರಡು ಮೊಂಡು ಅಲಗುಗಳ ಅಂತರವನ್ನು ತಿರುಪಿನಿಂದ ಹೊಂದಿಸಿ, ಸ್ಪಿರಿಟ್ ದೀಪದ ಮೇಲೆ ಕೆಲವೇ ಸೆಕೆಂಡು ಹಿಡಿದು, ಒದ್ದೆ ಬಟ್ಟೆಯ ಮೇಲೊಮ್ಮೆ ತಾಗಿಸಿ, ಆಮೇಲೆ ಅಂಚಿನುದ್ದಕ್ಕೆ ಎಳೆಯುವುದು. ಅಪಾಯವೂ ಇದೆ. ಬಿಸಿ ಹೆಚ್ಚಾದರೆ ಚರ್ಮ ಕರಕಾಗಿ ಕುಗ್ಗುತ್ತದೆ, ಪ್ಲಾಸ್ಟಿಕ್ ಲೇಪವಿರುವ ಚರ್ಮದಲ್ಲಿ ಲೇಪವೇ ಅಂಟಿಕೊಂಡು ಬರುತ್ತದೆ. ಅದೇ ಚರ್ಮದ ಚೂರಿನ ಮೇಲೆ ನಾಲ್ಕೈದು ಸಲ ನೋಡದೆ ಕೆಲಸದ ಮೇಲೆ ಇಡಬೇಡಿ. ಹೊಲಿದಾದ ಮೇಲಂತೂ ಬಿಸಿ ಕ್ರೀಸರ್ ಹತ್ತಿರವೂ ಬರಬಾರದು, ಪಾಲಿಯೆಸ್ಟರ್ ದಾರ ಕರಗುತ್ತದೆ.

ಪರ್ಸಿನ ಮಾತು ಇಷ್ಟೇ. ಬೆಲ್ಟಿಗೆ ಬರೋಣ, ಗ್ರೂವರ್‌ನ ನಿಜವಾದ ಕೆಲಸ ಅಲ್ಲಿದೆ.

ನೀವು ‘ವೆಜ್ ಟ್ಯಾನ್’ ಎಂದು ಬರೆದಿರುವುದು ಅದೇ ಹೌದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಕತ್ತರಿಸಿದ ಅಂಚು ನೋಡಿ: ತೊಗಟೆ ಹದದ ಚರ್ಮ ಒಳತನಕ ಕಂದು ಇಲ್ಲವೆ ಹುಲ್ಲುಬಣ್ಣ, ಕ್ರೋಮ್ ಆದರೆ, ಬಣ್ಣ ಪೂರ್ತಿ ಇಳಿಯದಿದ್ದಲ್ಲಿ ನಡುವೆ ನೀಲಿಬೂದು. ಲೇಪವಿಲ್ಲದ ಮೇಲ್ಮೈಗೆ ಒಂದು ಹನಿ ನೀರು ಬಿಡಿ, ತೊಗಟೆ ಹದದ್ದು ಹೀರಿ ಕಪ್ಪಾಗುತ್ತದೆ. ಆ ಒದ್ದೆ ಜಾಗಕ್ಕೆ ಉಗುರು ಒತ್ತಿದರೆ ಗುರುತು ಉಳಿಯುತ್ತದೆ. ಆನ್‌ಲೈನಿನಲ್ಲಿ ದಪ್ಪವನ್ನು ಔನ್ಸಿನಲ್ಲಿ ಹೇಳುವುದುಂಟು. ಒಂದು ಔನ್ಸ್ ಎಂದರೆ ಸುಮಾರು 0.4 ಮಿ.ಮೀ., ನಿಮ್ಮ ಬೆಲ್ಟು ಹೆಚ್ಚುಕಡಿಮೆ 9 ಔನ್ಸ್. ನಿಮ್ಮ ಕಡೆಯದೇ ಉದಾಹರಣೆ ಬೇಕೆಂದರೆ, ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆ ಬಳಸುತ್ತ ಬಂದಿರುವ, ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ಗಟ್ಟಿ ಚರ್ಮ ಈ ಜಾತಿಯದೇ. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ. ಅಟ್ಟೆಯ ಚೂರುಗಳು ಸಿಕ್ಕರೆ ತಂದಿಟ್ಟುಕೊಳ್ಳಿ. ಗ್ರೂವರ್ ಪರೀಕ್ಷಿಸಲು ಅದಕ್ಕಿಂತ ಒಳ್ಳೆಯದು ಬೇಡ.

ಗ್ರೂವರ್ ಎಂಬುದು ನೋಡಲು ಸರಳ. ಒಂದು ಹಿಡಿ, ಒಂದು ಗೈಡ್, ಗೈಡಿನೊಳಗೆ ಹಾದುಹೋಗುವ ಸರಳು, ಸರಳಿನ ತುದಿಯಲ್ಲಿ ಸಣ್ಣ ತೂತಿರುವ ಮೊನೆ, ಸರಳನ್ನು ಹಿಡಿದಿಡುವ ತಿರುಪು. ಕೊಯ್ಯುವುದು ತೂತಿನ ಬಾಯಿ. ಕೊಯ್ದ ಚರ್ಮ ತೂತಿನ ಮೂಲಕ ಶ್ಯಾವಿಗೆಯ ಎಳೆಯಂತೆ ಹೊರಗೆ ಬರಬೇಕು. ಉದ್ದಕ್ಕೆ ತುಂಡಾಗದೆ ಬಂದರೆ ಅಲಗು ಚೂಪಾಗಿದೆ, ಚರ್ಮವೂ ಸರಿಯಿದೆ. ಪುಡಿಪುಡಿಯಾಗಿ ಬಂದರೆ ಎರಡರಲ್ಲೊಂದು ಸರಿಯಿಲ್ಲ. ಅಗ್ಗದ ಸೆಟ್ಟುಗಳಲ್ಲಿ ತೂತನ್ನು ಕೊರೆದು ಹಾಗೇ ಬಿಟ್ಟಿರುತ್ತಾರೆ. ಬಾಯಿಯ ಸುತ್ತ ಲೋಹದ ಮುಳ್ಳು ಉಳಿದಿರುತ್ತದೆ. ಫೋನಿನ ಕ್ಯಾಮೆರಾ ದೊಡ್ಡದು ಮಾಡಿ ನೋಡಿದರೆ ಕಾಣುತ್ತದೆ. ದುಬಾರಿ ಗ್ರೂವರ್‌ಗಳೂ ಎಷ್ಟೋ ಸಲ ಮಸೆಯದೆಯೇ ಬರುತ್ತವೆ. ಹಾಗಾಗಿ ಬಂದ ದಿನವೇ ಬಳಸಿ ನೋಡಿ ಕೆಟ್ಟದ್ದು ಎಂದು ತೀರ್ಮಾನಿಸುವುದು ಅನ್ಯಾಯ.

ಮಸೆಯುವುದು ಹೀಗೆ. ತೂತಿನಲ್ಲಿ ಬಿಗಿಯಾಗಿ ಹಿಡಿಯುವಷ್ಟು ದಪ್ಪದ ದಾರ ತೆಗೆದುಕೊಂಡು, ಅದಕ್ಕೆ ಲೋಹಕ್ಕೆ ಹೊಳಪು ಕೊಡುವ ಹಸಿರು ಪಾಲಿಶ್ ಕಡ್ಡಿಯನ್ನು ಚೆನ್ನಾಗಿ ಉಜ್ಜಿ. ದಾರದ ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದನ್ನು ಎಳೆದು ಹಿಡಿದು, ಮೊನೆಯನ್ನು ದಾರದುದ್ದಕ್ಕೆ ಹಿಂದೆ ಮುಂದೆ ಮೂವತ್ತು ನಲವತ್ತು ಸಲ ಆಡಿಸಿ, ಕೊಯ್ಯುವ ಕಡೆಗೆ ತುಸು ಒತ್ತಡವಿರಲಿ. ದಾರ ತೂತಿನ ನೇರಕ್ಕೇ ಇರಬೇಕು. ಬಾಯಿಯ ಮೇಲೆ ಮಡಚಿಕೊಂಡರೆ ಅಲಗು ಚೂಪಾಗುವ ಬದಲು ದುಂಡಗಾಗುತ್ತದೆ. ಮುಳ್ಳು ದಪ್ಪವಾಗಿದ್ದರೆ ಮೊದಲು ಸಣ್ಣ ತಂತಿಗೆ 1000, ಆಮೇಲೆ 2000 ನಂಬರಿನ ಉಜ್ಜುಕಾಗದ ಸುತ್ತಿ ತೂತಿನೊಳಗೆ ಆಡಿಸಿ. ಹೊರಮೈಯನ್ನು ಚರ್ಮದ ಪಟ್ಟಿಯ ಮೇಲೆ ಹೊಳಪು ಬರುವಷ್ಟು ತಿಕ್ಕಿದರೆ ಸಾಕು. ಚಪ್ಪಟೆ ಸಾಣೆಕಲ್ಲಿನ ಮೇಲೆ ಮಾತ್ರ ಉಜ್ಜಬೇಡಿ. ಬಾಯಿಯ ತುಟಿ ಸವೆದು ತೂತಿನ ಆಕಾರವೇ ಬದಲಾಗುತ್ತದೆ, ಆ ಮೊನೆ ಮತ್ತೆ ಸರಿಹೋಗುವುದಿಲ್ಲ.

ನಿಮ್ಮ ಗೈಡ್ ಜಾರುವುದಕ್ಕೆ ಕಾರಣ ಬಹುಶಃ ಸರಳು ದುಂಡಗಿರುವುದು. ದುಂಡು ಸರಳಿನ ಮೇಲೆ ತಿರುಪಿನ ದುಂಡು ತುದಿ ಕೂತರೆ ತಾಗುವುದು ಒಂದೇ ಚುಕ್ಕೆ. ಎಳೆಯುವ ಒತ್ತಡಕ್ಕೆ ಸರಳು ಸ್ವಲ್ಪ ತಿರುಗುತ್ತದೆ, ತಿರುಗಿದೊಡನೆ ಮೊನೆಯ ಕೋನ ಬದಲಾಗುತ್ತದೆ, ಕೋನ ಬದಲಾದರೆ ಒಂದು ಕಡೆ ಆಳ, ಇನ್ನೊಂದು ಕಡೆ ಗೀಚು. ಇದನ್ನು ಮನೆಯಲ್ಲೇ ಸರಿಮಾಡಬಹುದು. ಮೊನೆ ಸರಿಯಾದ ದಿಕ್ಕಿಗೆ ಇರುವಂತೆ ಸರಳನ್ನು ಇಟ್ಟು, ತಿರುಪು ತಾಗುವ ಕಡೆ ಗುರುತು ಮಾಡಿ, ಸರಳನ್ನು ಹೊರತೆಗೆದು, ಆ ಸಾಲಿನಲ್ಲಿ ಸಣ್ಣ ಅರದಿಂದ ಒಂದೂವರೆ ಮಿ.ಮೀ. ಅಗಲದ ಚಪ್ಪಟೆ ಮಾಡಿ. ತಿರುಪಿನ ತುದಿಯನ್ನೂ ಚಪ್ಪಟೆಯಾಗಿ ಅರೆಯಿರಿ. ಈಗ ಚಪ್ಪಟೆಯ ಮೇಲೆ ಚಪ್ಪಟೆ ಕೂರುತ್ತದೆ, ತಿರುಗಲು ಜಾಗವಿಲ್ಲ. ತಿರುಪಿನ ಎಳೆಗಳು ಮೆತ್ತನೆಯ ಲೋಹದವಾಗಿದ್ದು ಸವೆದುಹೋಗಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಆಗ ಆ ಸೆಟ್ಟಿನ ಮೇಲೆ ಇನ್ನು ಹೊತ್ತು ಕಳೆಯಬೇಡಿ.

ಹಾವಿನ ಗೆರೆಗೆ ಉಪಕರಣದ ಹೊರಗೂ ಕಾರಣಗಳಿವೆ. ನಾನು ಹೆಚ್ಚಾಗಿ ಕಾಣುವುದು ಇದು: ಗೈಡು ಚರ್ಮದ ಅಂಚಿಗಿಂತ ಕೆಳಕ್ಕೆ ಇಳಿದಿರುತ್ತದೆ. ಚರ್ಮವನ್ನು ಮೇಜಿನ ನಡುವೆ ಇಟ್ಟು ಎಳೆದರೆ ಗೈಡ್ ಮೇಜಿಗೆ ತಾಗಿ ಎದ್ದೆದ್ದು ಬೀಳುತ್ತದೆ, ಮೊನೆ ಚರ್ಮದಿಂದ ಮೇಲೇಳುತ್ತದೆ. ಚರ್ಮದ ಅಂಚು ಮೇಜಿನ ಅಂಚಿನಿಂದ ಮೂರು ನಾಲ್ಕು ಮಿ.ಮೀ. ಹೊರಗೆ ಚಾಚಿರಲಿ. ಉದ್ದ ಬೆಲ್ಟಿಗೆ ಅದು ಕಷ್ಟವೆನಿಸಿದರೆ ಒಂದು ನೇರ ಹಲಗೆ ಇಲ್ಲವೆ ದಪ್ಪ ಗಾಜಿನ ಪಟ್ಟಿಯ ಮೇಲೆ ಬೆಲ್ಟು ಇಟ್ಟು, ಎರಡೂ ತುದಿಗೆ ಕ್ಲಾಂಪು ಹಾಕಿ. ಕ್ಲಾಂಪಿನ ಕೆಳಗೆ ಚರ್ಮದ ಚೂರು ಇಡಲು ಮರೆಯಬೇಡಿ.

ಎರಡನೆಯದು ಅಂಚು. ಗ್ರೂವರ್ ನೇರ ಗೆರೆ ಹಾಕುವುದಿಲ್ಲ, ಅಂಚನ್ನು ನಕಲು ಮಾಡುತ್ತದೆ. ಅಂಚು ಡೊಂಕಿದ್ದರೆ ಕಾಲುವೆಯೂ ಡೊಂಕು. ಬೆಲ್ಟನ್ನು ಉಕ್ಕಿನ ಪಟ್ಟಿ ಇಟ್ಟು ಒಂದೇ ಎಳೆತದಲ್ಲಿ ಕತ್ತರಿಸಿ, ಎರಡು ಪದರ ಅಂಟಿಸುವುದಿದ್ದರೆ ಅಂಟಿಸಿ ಒಣಗಿದ ಮೇಲೆ ಅಂಚು ಸಮ ಮಾಡಿ, ಆಮೇಲೆ ಗ್ರೂವರ್ ಹಿಡಿಯಿರಿ. ಅಂಚಿನ ಮೂಲೆ ತೆಗೆಯುವ ಬೆವೆಲರ್ ಕೆಲಸ ಹೊಲಿಗೆಯ ನಂತರ ಇರಲಿ. ಮೊದಲೇ ತೆಗೆದರೆ ಗೈಡಿಗೆ ಆತುಕೊಳ್ಳಲು ಇರುವ ಗೋಡೆ ಕಿರಿದಾಗುತ್ತದೆ. ಹೊಲಿದ ಮೇಲೆ ಅಂಚು ಉಜ್ಜುವಾಗ ಸುಮಾರು ಅರ್ಧ ಮಿ.ಮೀ. ಹೋಗುತ್ತದೆಂದು ಮೊದಲೇ ಲೆಕ್ಕ ಹಿಡಿಯಿರಿ. ಬೆಲ್ಟಿನಲ್ಲಿ ಕೊನೆಗೆ 4 ಮಿ.ಮೀ. ಉಳಿಯಬೇಕೆಂದರೆ ಗೈಡ್ 4.5ಕ್ಕೆ ನಿಲ್ಲಿಸಿ.

ಇನ್ನು ಕೈ. ಒಂದೇ ಎಳೆತದಲ್ಲಿ ಪೂರ್ತಿ ಆಳ ತೋಡುವ ಆಸೆ ಬಿಡಿ. ಮೊದಲ ಎಳೆತ ಗೆರೆ ಕಾಣುವಷ್ಟು ಮಾತ್ರ, ಉಪಕರಣದ ಭಾರವೇ ಸಾಕು. ಎರಡನೆಯದರಲ್ಲಿ ಸ್ವಲ್ಪ ಒತ್ತು, ಬೇಕಿದ್ದರೆ ಮೂರನೆಯದು. ಮೊದಲ ಗೆರೆ ಸರಿಯಿದ್ದರೆ ಮುಂದಿನವು ಅದರಲ್ಲೇ ಬೀಳುತ್ತವೆ. ಹಿಡಿಯನ್ನು ತೀರ ಮಲಗಿಸಿದರೆ ಮೊನೆ ಜಾರುತ್ತದೆ, ತೀರ ನಿಲ್ಲಿಸಿದರೆ ಹೂತುಕೊಳ್ಳುತ್ತದೆ; ಪ್ರತಿ ಗ್ರೂವರ್‌ಗೂ ಅದರದೇ ಕೋನವಿದೆ, ಚೂರಿನ ಮೇಲೆ ಎಳೆ ಹೊರಬರಲು ತೊಡಗುವ ತನಕ ನಿಧಾನಕ್ಕೆ ಬಾಗಿಸಿ ಅದನ್ನು ಹುಡುಕಿಕೊಳ್ಳಿ. ಒತ್ತಡ ಎರಡು ದಿಕ್ಕಿಗೆ ಬೇಕು, ಕೆಳಕ್ಕಿಂತ ಗೈಡಿನಿಂದ ಅಂಚಿನ ಕಡೆಗೆ ಹೆಚ್ಚು. ಎಳೆಯುತ್ತ ಎಳೆಯುತ್ತ ಮಣಿಕಟ್ಟು ತಾನಾಗಿಯೇ ತಿರುಗುತ್ತದೆ, ಆಗಲೇ ಗೈಡ್ ಅಂಚು ಬಿಡುವುದು. ಹಾಗಾಗಿ ಮಣಿಕಟ್ಟು ಗಟ್ಟಿ ಹಿಡಿದು ಮೊಣಕೈಯಿಂದ ಎಳೆಯಿರಿ, ಉದ್ದ ಬೆಲ್ಟಿಗೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಚರ್ಮ ಹಿಡಿದ ಕೈ ಯಾವತ್ತೂ ಗ್ರೂವರ್ ಬರುವ ದಾರಿಯಲ್ಲಿ ಬೇಡ. ಮೂಲೆಯಲ್ಲಿ ಗೆರೆ ದಾಟಿಹೋಗದಂತೆ ಎಲ್ಲಿ ನಿಲ್ಲಬೇಕೆಂದು ಮೊದಲೇ ಒಂದು ಚುಕ್ಕೆ ಇಟ್ಟು, ಅಲ್ಲಿಗೆ ನಾಲ್ಕೈದು ಮಿ.ಮೀ. ಮೊದಲೇ ನಿಲ್ಲಿಸಿ, ಉಳಿದದ್ದನ್ನು ಮೂಲೆಯಿಂದ ಹಿಂದಕ್ಕೆ ಎಳೆದು ಕೂಡಿಸಿ. ಒಣಗಿ ಬಿರುಸಾದ ಚರ್ಮವಾದರೆ ಒದ್ದೆ ಸ್ಪಂಜಿನಿಂದ ಒಮ್ಮೆ ಸವರಿ, ಬಣ್ಣ ಹೆಚ್ಚುಕಡಿಮೆ ಮೊದಲಿನಂತಾಗುವ ತನಕ ಕಾದು ತೋಡಿ. ನೀರು ಹೆಚ್ಚಾದರೆ ಎಳೆ ತೂತಿನಲ್ಲೇ ಅಂಟಿ ಕಟ್ಟಿಕೊಳ್ಳುತ್ತದೆ.

ನಿಮ್ಮ ಎಡಗೈ ಡೊಂಕು ಗೆರೆಗೆ ಕಾರಣವಲ್ಲ. ಆದರೆ ಗೈಡ್ ಒಂದೇ ಕಡೆಗಿದ್ದು ತಿರುಗಿಸಲು ಬಾರದಿದ್ದರೆ, ಬಲಗೈಯವರಿಗೆ ಎದುರಿಗೆ ಕಾಣುವ ಅಂಚು ನಿಮಗೆ ನಿಮ್ಮದೇ ಕೈಯ ಹಿಂದೆ ಅಡಗುತ್ತದೆ. ನೀವು ಕಾಣದೆ ಎಳೆಯುತ್ತಿದ್ದೀರಿ. ಸರಳನ್ನು ಹೊರತೆಗೆದು ಇನ್ನೊಂದು ಬದಿಯಿಂದ ಹಾಕಲು ಬರುತ್ತದೆಯೇ ನೋಡಿ. ಹೊಸದು ಕೊಳ್ಳುವಾಗ ಮಾರುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಇಷ್ಟು ಮಾಡಿ ಒಂದು ತಿಂಗಳು ಬೆಲ್ಟು ಹೊಲಿದ ಮೇಲೂ ಉಪಕರಣವೇ ಅಡ್ಡಿ ಎನಿಸಿದರೆ ಹೊಸದು ತನ್ನಿ. ಏಳು ಮೊನೆಗಳದ್ದು ಬೇಡ. ಅಂಥ ಸೆಟ್ಟಿನಲ್ಲಿ ಸಾಮಾನ್ಯವಾಗಿ ಕ್ರೀಸರ್ ಮೊನೆ, ಗೈಡಿಲ್ಲದೆ ಎಳೆಯುವ ಮೊನೆ, ಮಡಿಕೆಗೆಂದು ತೋಡುವ ವಿ ಆಕಾರದ ಮೊನೆ ಎಲ್ಲ ಇರುತ್ತವೆ, ಎಲ್ಲದಕ್ಕೂ ಒಂದೇ ಸಡಿಲ ಹಿಡಿ. ನಿಮಗೆ ಬೇಕಾದದ್ದು ಒಂದೇ ಕೆಲಸ ಮಾಡುವ, ಅಂಚಿನ ಗೈಡ್ ಇರುವ, ಮೊನೆ ಬೇರೆಯಾಗಿ ಸಿಗುವ ಗ್ರೂವರ್. ಅಮೆರಿಕದ ಟ್ಯಾಂಡಿ, 1826ರಿಂದ ಇರುವ ಸಿ.ಎಸ್. ಆಸ್ಬರ್ನ್, ಜಪಾನಿನ ಸೀವಾ, ಕ್ಯೋಶಿನ್ ಎಲ್ಲೆ, ಇವೆಲ್ಲ ಚರ್ಮದ ಕೆಲಸದ ಉಪಕರಣಗಳಿಗೆ ಹೆಸರಾದವು. ಹೆಸರಿಗಿಂತ ಕೈಯಲ್ಲಿ ಹಿಡಿದು ನೋಡುವುದು ಮುಖ್ಯ ಎಂಬುದು ನನ್ನ ಅಭಿಪ್ರಾಯ. ತಿರುಪು ಬಿಗಿದು ಮೊನೆಯನ್ನು ಬೆರಳಲ್ಲಿ ತಿರುಚಿ ನೋಡಿ, ಕೂದಲೆಳೆಯಷ್ಟೂ ಅಲುಗಬಾರದು. ಗೈಡಿನ ಒಳಮೈಯನ್ನು ಉಗುರಿನಿಂದ ಸವರಿ, ಒರಟಿದ್ದರೆ ನಿಮ್ಮ ಅಂಚನ್ನು ಅದು ತರಚುತ್ತದೆ. ಗೈಡ್ ದುಂಡು ಕಡ್ಡಿಯಂತಿದ್ದರೆ ಒಳಬಾಗಿದ ತಿರುವುಗಳಲ್ಲೂ ಹೋಗುತ್ತದೆ, ಉದ್ದ ಚಪ್ಪಟೆ ಪಟ್ಟಿಯಾದರೆ ನೇರ ಅಂಚಿನಲ್ಲಿ ಹೆಚ್ಚು ಸ್ಥಿರ. ಬೆಲ್ಟಿಗಷ್ಟೇ ಬಳಸುವುದಾದರೆ ಚಪ್ಪಟೆಯದೇ ವಾಸಿ. ಮೊನೆಯ ಅಗಲ ದಾರಕ್ಕಿಂತ ಚೂರೇ ಹೆಚ್ಚಿರಬೇಕು: 0.8 ಮಿ.ಮೀ. ದಾರಕ್ಕೆ 1 ಮಿ.ಮೀ. ಅಗಲ ಸರಿ. ಕಿರಿದಾದರೆ ದಾರ ದಡದ ಮೇಲೇ ಕೂರುತ್ತದೆ, ಕಾಲುವೆ ತೋಡಿಯೂ ತೋಡದಂತೆ. ಅಗಲವಾದರೆ ದಾರ ಒಳಗೆ ಅತ್ತಿತ್ತ ಸರಿದಾಡಿ ಸಾಲು ಕೆಡುತ್ತದೆ. ನೀವು ನೋಡಿಟ್ಟ 4,500ರ ಗ್ರೂವರ್ ಈ ಪರೀಕ್ಷೆಗಳಲ್ಲಿ ಗೆದ್ದರೆ, ಎಡಗೈಗೂ ತಿರುಗುವುದಾದರೆ, ತಿಂಗಳಿಗೆ ಹತ್ತಾರು ಬೆಲ್ಟು ಹೊಲಿಯುವವರಿಗೆ ಅದು ದುಬಾರಿಯಲ್ಲ. ತಿಂಗಳಿಗೆ ಎರಡಾದರೆ, ಸರಿಮಾಡಿಕೊಂಡ ಹಳೆಯದೇ ಸಾಕು.

ಬೆಲ್ಟಿಗೆ ಬಣ್ಣ ನೀವೇ ಹಾಕುವುದಾದರೆ ಕಾಲುವೆ ತೋಡಿದ ಮೇಲೆ ಹಾಕಿ. ಕೊಯ್ದ ಜಾಗ ಬಣ್ಣವನ್ನು ಹೆಚ್ಚು ಹೀರಿ ಒಂದು ಛಾಯೆ ಗಾಢವಾಗುತ್ತದೆ, ಅದು ಚೆನ್ನಾಗಿಯೇ ಕಾಣುತ್ತದೆ. ಬಣ್ಣದ ನಂತರ ತೋಡಿದರೆ ಹಸಿ ಚರ್ಮ ಬಿಳಿಗೆರೆಯಾಗಿ ಇಣುಕುತ್ತದೆ.

ಕೊನೆಗೆ ಆ ಆರು ಪರ್ಸಿನ ತುಂಡುಗಳು. ಜುಂಗೆದ್ದ ಕಾಲುವೆಯಲ್ಲೇ ಹೊಲಿಯಬೇಡಿ, ಉಳಿದ 0.8 ಮಿ.ಮೀ. ಮೇಲೆ ಭರವಸೆ ಇಡಲಾಗದು. ತುಂಡು ದೊಡ್ಡದಿದ್ದರೆ ಸುತ್ತಲೂ ಅಂಚನ್ನು ಕಾಲುವೆ ಸಮೇತ 4 ಮಿ.ಮೀ. ಕತ್ತರಿಸಿ ಹಾಕಿ. ಬ್ಯಾಂಕಿನ ಕಾರ್ಡು 85.6 ಮಿ.ಮೀ. ಉದ್ದ, 54 ಮಿ.ಮೀ. ಅಗಲ, ಕಾರ್ಡು ಅಡ್ಡಲಾಗಿ ಕೂರುವ ಜೇಬಿನಲ್ಲಿ ಹೊಲಿಗೆಯಿಂದ ಹೊಲಿಗೆಗೆ 90 ಮಿ.ಮೀ. ಉಳಿಯದಿದ್ದರೆ ಈ ದಾರಿ ನಿಮಗಿಲ್ಲ. ಆಗ ಅಂಚುಪಟ್ಟಿ ಕಟ್ಟಿ. 0.6 ಮಿ.ಮೀ.ಗೆ ತೆಳುಮಾಡಿದ ಆಡಿನ ಚರ್ಮವನ್ನು 15 ಮಿ.ಮೀ. ಅಗಲದ ಪಟ್ಟಿಯಾಗಿ ಕತ್ತರಿಸಿ, ಅಂಟಿಸಿದ ಎರಡು ಪದರಗಳ ಅಂಚಿನ ಮೇಲೆ ಮಡಚಿದರೆ ಎರಡೂ ಕಡೆ ಸುಮಾರು 6 ಮಿ.ಮೀ. ಮುಚ್ಚುತ್ತದೆ, 3 ಮಿ.ಮೀ.ಯಲ್ಲಿರುವ ಹಾಳಾದ ಗೆರೆ ಪೂರ್ತಿ ಒಳಗೆ ಸೇರುತ್ತದೆ. ಹೊಲಿಗೆಯನ್ನು ಅಂಚಿನಿಂದ 4 ಮಿ.ಮೀ.ಗೆ ಇಡಿ, ಆಗ ತೂತುಗಳು ಹಳೆಯ ಕಾಲುವೆಯ ಆಚೆ, ಕೊಯ್ಯದ ಚರ್ಮದ ಮೇಲೆ ಬೀಳುತ್ತವೆ. ಮೂಲೆಗಳಲ್ಲಿ ಪಟ್ಟಿ ಗಂಟಾಗದಂತೆ ಆ ಜಾಗದ ಹಿಂಬದಿಯನ್ನು ಇನ್ನೂ ಸ್ವಲ್ಪ ಹೆರೆದು, ಸಣ್ಣ ಸಣ್ಣ ನೆರಿಗೆಯಾಗಿ ಒತ್ತಿ ಅಂಟಿಸಿ, ಒಣಗಿದ ಮೇಲೆ ಹೊಲಿಯಿರಿ.